ವಿಮಾನ ಒಂದು ಪೆಟ್ಟಿಗೆಯಲ್ಲಿ, ಮುಳ್ಳು ಇನ್ನೊಂದರಲ್ಲಿ!

ಗುಜರಿಗೆ ಹಾಕಬೇಕೆಂದು ಅಂಗಡಿಯ ಅಟ್ಟಕ್ಕೆ ಎಸೆದ ಹಳೇ ಕಂಪ್ಯೂಟರಿಗೆ ಏನು ಬೆಲೆ? ಗುಜರಿಯವನು ಮನಸ್ಸು ಮಾಡಿ ಕೊಟ್ಟಷ್ಟು! ಆದರೆ ಅದೇ ಪೆಟ್ಟಿಗೆಗೆ ಒಂದು ಕೇಬಲ್ ಚುಚ್ಚಿದರೆ ಅದು ವಿಮಾನದ ಮೀಟರ್ ಬೋರ್ಡ್ ಆಗಿ ಕೂರುತ್ತದೆ ಅಂದರೆ ನಂಬುತ್ತೀರಾ?

ನಂಬಲೇಬೇಕು. ಅಮೆರಿಕ, ಇಂಗ್ಲೆಂಡ್, ಜರ್ಮನಿ, ಹಾಲೆಂಡ್ ಮುಂತಾದ ಕಡೆ ಮನೆಯ ಮೂಲೆಯಲ್ಲಿ ಪೈಲಟ್ ಕುರ್ಚಿ ಹಾಕಿಕೊಂಡು ಕೂತ ಸಾವಿರಾರು ಹವ್ಯಾಸಿಗಳು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಮಾಡುತ್ತಾ ಬಂದಿದ್ದಾರೆ. ಒಂದು ಕಂಪ್ಯೂಟರಿನಲ್ಲಿ ವಿಮಾನ ಹಾರುತ್ತದೆ. ಪಕ್ಕದ ಇನ್ನೊಂದರಲ್ಲಿ ಆ ವಿಮಾನದ ಮುಳ್ಳುಗಳು ಆಡುತ್ತವೆ. ವಿಮಾನವೂ ಸುಳ್ಳು, ಆಕಾಶವೂ ಸುಳ್ಳು. ಆದರೆ ಮುಳ್ಳು ನೋಡಿ ಹಾರಿಸುವ ಅಭ್ಯಾಸ ಮಾತ್ರ ನಿಜ!

ಇದೇನು ಹುಡುಗಾಟ, ಇದಕ್ಕೂ ನಮ್ಮ ಊರಿಗೂ ಏನು ಸಂಬಂಧ ಅಂತೀರಾ? ಇದೆ ಸ್ವಾಮಿ. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ತೆರೆಯಿತು. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಇನ್ನೊಂದರ ಉದ್ಘಾಟನೆ ಆಯಿತು. ಬಸ್ಸಿಗೆ ಕಾಯುತ್ತಾ ನಿಂತವರು ತಲೆಯೆತ್ತಿ ವಿಮಾನ ನೋಡುವ ಕಾಲ ಜಿಲ್ಲೆಗಳಿಗೂ ಬಂದಿದೆ. ಪೈಲಟ್ ಆಗ್ತೀನಿ ಅನ್ನುವ ಹುಡುಗ ಹುಡುಗಿಯರು ಬೀದಿಗೊಬ್ಬರಾದರೂ ಸಿಗುತ್ತಾರೆ. ಅವರ ಅಪ್ಪಂದಿರ ಹತ್ತಿರ ಹತ್ತಾರು ಲಕ್ಷ ಇರೋದಿಲ್ಲ, ಹಳೇ ಕಂಪ್ಯೂಟರ್ ಇರುತ್ತದೆ. ಆದ್ದರಿಂದ ಆ ಪೆಟ್ಟಿಗೆಯಿಂದ ಏನಾಗುತ್ತದೆ, ಏನಾಗುವುದಿಲ್ಲ, ಅದನ್ನೇ ಕಣ್ಣುಮುಚ್ಚಿ ನಂಬಿ ಕೂತರೆ ಏನು ಗಂಡಾಂತರ, ಈ ಮೂರನ್ನೂ ತಿಳಿದುಕೊಂಡಿರುವುದು ಒಳ್ಳೆಯದು.

ತಿದಿಯ ಮೇಲೆ ಕೂತ ವಿಮಾನ

ನೆಲದ ಮೇಲೇ ಕೂತು ಹಾರಾಟ ಕಲಿಯುವ ವಿದ್ಯೆ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಮನೆತನವೊಂದಿತ್ತು. ಆ ಮನೆಯ ಮಗ ಎಡ್ವಿನ್ ಲಿಂಕ್. ಆರ್ಗನ್ ವಾದ್ಯಕ್ಕೆ ಗಾಳಿ ಊದುವ ತಿದಿಗಳನ್ನೇ ತೆಗೆದು, ಅವುಗಳ ಮೇಲೆ ಒಂದು ಪುಟ್ಟ ಮರದ ವಿಮಾನ ಕೂರಿಸಿದ. 1929ರ ಮಾತು. ನಮ್ಮ ಹಾರ್ಮೋನಿಯಂ ತಿದಿಯ ದೊಡ್ಡಣ್ಣ ಅನ್ನಿ. ತಿದಿ ಉಬ್ಬಿದರೆ ಮೂತಿ ಮೇಲೆ, ಇಳಿದರೆ ಮೂತಿ ಕೆಳಗೆ!

ಮೊದಮೊದಲು ಜನ ಇದನ್ನು ಜಾತ್ರೆಯ ಆಟಿಕೆ ಅಂದುಕೊಂಡರು. ಬುದ್ಧಿ ಬಂದದ್ದು ಹೆಣ ಬಿದ್ದ ಮೇಲೆ. 1934ರಲ್ಲಿ ಅಮೆರಿಕದ ಸರ್ಕಾರ ವಿಮಾನದ ಅಂಚೆಯ ಕೆಲಸವನ್ನು ಖಾಸಗಿಯವರಿಂದ ಕಿತ್ತು ಸೇನೆಗೆ ವಹಿಸಿತು. ಚಳಿಗಾಲ, ಮಂಜು, ರಾತ್ರಿ. ಹೊರಗೆ ನೋಡಿ ಹಾರಿಸುವುದು ಮಾತ್ರ ಗೊತ್ತಿದ್ದ ಸೇನೆಯ ಪೈಲಟರು ಮುಳ್ಳು ನೋಡಿ ಹಾರಿಸುವುದರಲ್ಲಿ ಪಳಗಿರಲಿಲ್ಲ. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಗಲಾಟೆಯ ನಡುವೆ ಲಿಂಕ್ ಮಹಾಶಯ ದಟ್ಟ ಮಂಜಿನಲ್ಲೇ ಬರೀ ಮುಳ್ಳು ನೋಡಿಕೊಂಡು ಹಾರಿ ಬಂದು ಸೇನಾಧಿಕಾರಿಗಳ ಮುಂದೆ ಇಳಿದ ಕಥೆ ಪ್ರಸಿದ್ಧ. ಅದೇ ವರ್ಷ ಸೇನೆ ಅವನಿಂದ 6 ಯಂತ್ರ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಲಕ್ಷಾಂತರ ಪೈಲಟರು ಆ ನೀಲಿ ಪೆಟ್ಟಿಗೆಯಲ್ಲಿ ಕೂತು ಎದ್ದಿದ್ದರು.

ಗಮನಿಸಬೇಕಾದ್ದು ಇನ್ನೊಂದು ಸಂಗತಿ. ಕಲಿಯುವವನು ಪೆಟ್ಟಿಗೆಯ ಒಳಗೆ, ಕಲಿಸುವವನು ಹೊರಗೆ ಮೇಜಿನ ಮುಂದೆ. ಒಳಗಿನ ಮುಖ್ಯ ಮೀಟರುಗಳು ಏನು ತೋರಿಸುತ್ತವೋ ಅದೇ ಮೀಟರುಗಳು ಮೇಜಿನ ಮೇಲೂ ಇದ್ದವು. ಪಕ್ಕದಲ್ಲಿ ನಕ್ಷೆ, ನಕ್ಷೆಯ ಮೇಲೆ ಮಸಿಯ ಗೆರೆ ಎಳೆಯುತ್ತಾ ತೆವಳುವ ಒಂದು ಪುಟ್ಟ ಗಾಲಿಯಂತ್ರ. ಅದಕ್ಕೆ ಅವರಿಟ್ಟ ಹೆಸರು ಏಡಿ! ಅಂದರೆ ವಿಮಾನ ಒಂದು ಕಡೆ, ಅದರ ಮುಳ್ಳುಗಳ ನಕಲು ಇನ್ನೊಂದು ಕಡೆ ಅನ್ನುವ ಉಪಾಯ ನಿನ್ನೆ ಮೊನ್ನೆಯದಲ್ಲ.

ಅರ್ಧ ಪರದೆ ಮೀಟರಿಗೇ!

ಮನೆಯ ಕಂಪ್ಯೂಟರಿಗೆ ವಿಮಾನ ಬಂದದ್ದು 1980ರಲ್ಲಿ. ಬ್ರೂಸ್ ಆರ್ಟ್‌ವಿಕ್ ಎಂಬ ಅಮೆರಿಕದ ಎಂಜಿನಿಯರ್ ಆಪಲ್ ಕಂಪ್ಯೂಟರಿಗೆಂದು ಅದನ್ನು ಬರೆದ. 1982ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಐಬಿಎಂ ಪಿಸಿಗೆ ತಂದಿತು. ಹೆಸರು ಫ್ಲೈಟ್ ಸಿಮ್ಯುಲೇಟರ್. ಪರದೆಯ ಮೇಲಿನ ಅರ್ಧದಲ್ಲಿ ಗೆರೆ ಗೆರೆಯ ಆಕಾಶ, ಭೂಮಿ. ಕೆಳಗಿನ ಅರ್ಧದಲ್ಲಿ ಮೀಟರುಗಳು. ಒಂದೇ ಪುಟ್ಟ ಪರದೆಯಲ್ಲಿ ಎರಡು ಸಂಸಾರ!

ಆಮೇಲೆ ಆಕಾಶ ಬೆಳೆಯಿತು. 2020ರಲ್ಲಿ ಬಂದ ಅದೇ ಸಿಮ್ಯುಲೇಟರಿನಲ್ಲಿ ಉಪಗ್ರಹದ ಚಿತ್ರಗಳನ್ನೇ ಹಾಸಿದ ಭೂಮಿಯಿದೆ, ಮೋಡವಿದೆ, ಮಳೆಯಿದೆ. 2024ರ ನವೆಂಬರಿನಲ್ಲಿ ಇನ್ನೂ ಹೊಸದು ಬಂತು. ಕಿಟಕಿಯಾಚೆ ನೋಡಲು ಇಷ್ಟೆಲ್ಲ ಇರುವಾಗ ಅರ್ಧ ಪರದೆಯನ್ನು ಮೀಟರಿಗೆ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತೆ? ಹಾಗಂತ ಮೀಟರನ್ನು ಚಿಕ್ಕದು ಮಾಡಿದರೆ ಓದಲು ಬರೋದಿಲ್ಲ, ತೆಗೆದೇ ಹಾಕಿದರೆ ಹಾರಿಸಲು ಬರೋದಿಲ್ಲ.

ಒಬ್ಬರೇ ಸಾಹುಕಾರರು, ಅಂಗಡಿ ತುಂಬಾ ಗಿರಾಕಿ

ಜಾಗದ ತಾಪತ್ರಯ ಒಂದು ಕಡೆ, ಕೆಲಸದ ಹೊರೆ ಇನ್ನೊಂದು ಕಡೆ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ಹಿಂದಿನ ದಿನ ಸಾಹುಕಾರರು ಒಬ್ಬರೇ ಅಕ್ಕಿ ಅಳೆದು, ಬೆಲ್ಲ ತೂಗಿ, ಪೊಟ್ಟಣ ಕಟ್ಟಿ, ಲೆಕ್ಕ ಬರೆದು, ಚಿಲ್ಲರೆ ಎಣಿಸಿದರೆ ಏನಾಗುತ್ತೆ? ಗಿರಾಕಿಗಳ ಸಾಲು ಮುಂದಿನ ಅಂಗಡಿಯ ಬಾಗಿಲು ಮುಟ್ಟುತ್ತದೆ. ಲೆಕ್ಕಕ್ಕೆ ಒಬ್ಬ ಗುಮಾಸ್ತ ಕೂತರೆ ಸಾಲು ಕರಗುತ್ತದೆ.

ಕಂಪ್ಯೂಟರಿನ ಕಥೆಯೂ ಅದೇ. ಪರದೆಯ ಮೇಲೆ ವಿಮಾನ ತಡವರಿಸದೆ ಹಾರಬೇಕಾದರೆ ಸೆಕೆಂಡಿಗೆ 30 ಚಿತ್ರವಾದರೂ ಬರೆಯಬೇಕು. ಅಂದರೆ ಒಂದೊಂದಕ್ಕೆ ಸಿಗುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ 33 ಪಾಲು ಮಾತ್ರ. ಅಷ್ಟರಲ್ಲಿ ರೆಕ್ಕೆಗೆ ಬಡಿಯುವ ಗಾಳಿಯ ಲೆಕ್ಕ, ಎಂಜಿನ್ ಲೆಕ್ಕ, ಬೆಟ್ಟ, ಮೋಡ, ಊರು, ರನ್‌ವೇ ಎಲ್ಲ ಮುಗಿಯಬೇಕು. ಅದರ ಮೇಲೆ ಮೀಟರುಗಳನ್ನೂ ಬಿಡಿಸು ಅಂದರೆ ಪಾಪ, ಎದುರುಸಿರು ಬಿಡುತ್ತದೆ. ಚಿತ್ರ ಎಡವುತ್ತದೆ. ಇಳಿಯುವ ಹೊತ್ತಿಗೆ ಸರಿಯಾಗಿ ಎಡವುತ್ತದೆ, ಯಾಕೆಂದರೆ ಅಲ್ಲೇ ಊರು, ಕಟ್ಟಡ, ದೀಪ ಎಲ್ಲ ಜಾಸ್ತಿ.

ಇಲ್ಲೊಂದು ಎಚ್ಚರಿಕೆ. ಅದೇ ಕಂಪ್ಯೂಟರಿಗೆ ಎರಡನೇ ಮಾನಿಟರ್ ಹಾಕಿ ಮೀಟರುಗಳನ್ನು ಅದಕ್ಕೆ ಎಳೆದು ಬಿಟ್ಟರೆ ಸಾಲದೇ ಅಂತ ಕೇಳುವವರಿದ್ದಾರೆ. ಜಾಗವೇನೋ ಸಿಗುತ್ತದೆ. ಆದರೆ ಕೆಲಸ ಮಾಡುವವನು ಅದೇ ಹಳೆಯ ಆಸಾಮಿ. ಅಂಗಡಿಗೆ ಎರಡನೇ ಗಲ್ಲಾಪೆಟ್ಟಿಗೆ ತಂದಂತೆ, ಗುಮಾಸ್ತನನ್ನು ತಂದಂತಲ್ಲ! ಕೆಲವು ಸಲ ಹೊರೆ ಹೆಚ್ಚಾಗುವುದೂ ಉಂಟು. ಗುಮಾಸ್ತ ಬೇಕೆಂದರೆ ಎರಡನೇ ಕಂಪ್ಯೂಟರೇ ಬೇಕು.

ಕಾರ್ಡು ಬರೆದು ಹಾಕಿದಂತೆ

ಹಾಗಾದರೆ ಈ ಕಂಪ್ಯೂಟರಿನಲ್ಲಿ ಹಾರುವ ವಿಮಾನದ ಎತ್ತರ ಆ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಚಿತ್ರ ಹೋಗುವುದಿಲ್ಲ ಸ್ವಾಮಿ, ಅಂಕಿ ಮಾತ್ರ ಹೋಗುತ್ತದೆ. ಎತ್ತರ ಇಷ್ಟು, ವೇಗ ಇಷ್ಟು, ಮೂತಿ ಇಷ್ಟು ಮೇಲೆ, ರೆಕ್ಕೆ ಇಷ್ಟು ಬಾಗಿದೆ, ದಿಕ್ಕು ಇಂಥದ್ದು. ಆ ಅಂಕಿ ನೋಡಿ ಮುಳ್ಳು ಬಿಡಿಸಿಕೊಳ್ಳುವುದು ಎರಡನೇ ಪೆಟ್ಟಿಗೆಯ ಕೆಲಸ.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ಕಳಿಸುವ ಒಂದು ಸಾಲು ಮಾಹಿತಿಯಲ್ಲಿ ಸಾಲಿನ ನಂಬರ್ ಒಂದು, ಅಂಕಿಗಳು ಎಂಟು. ಒಟ್ಟು 36 ಬೈಟು. ವೇಗ, ಏರಿಳಿತ, ಬಾಗು ಮತ್ತು ದಿಕ್ಕು, ಎತ್ತರ ಎಲ್ಲ ಸೇರಿ ನಾಲ್ಕು ಸಾಲು ಸಾಕು. ತಲೆಬರಹದ 5 ಬೈಟು ಸೇರಿಸಿದರೆ 149. ಸೆಕೆಂಡಿಗೆ 20 ಸಲ ಕಳಿಸಿದರೂ ಮೂರು ಸಾವಿರ ಬೈಟು ದಾಟುವುದಿಲ್ಲ. ಮೊಬೈಲಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬರುವ ಒಂದು ಶುಭೋದಯದ ಹೂವಿನ ಚಿತ್ರ ಇದರ ಹತ್ತಾರು ಪಟ್ಟು ತೂಗುತ್ತದೆ! ಅದಕ್ಕೇ ಎಷ್ಟು ಹಳೇ ಪೆಟ್ಟಿಗೆಯಾದರೂ ಮುಳ್ಳು ಆಡಿಸುವಷ್ಟು ಕೆಲಸ ಮಾಡುತ್ತದೆ.

ಕಳಿಸುವ ರೀತಿಯಲ್ಲಿ ಎರಡು ಪದ್ಧತಿ. ಹಿಂದೆ ರಿಜಿಸ್ಟರ್ ಅಂಚೆಗೆ ಅಕ್ನಾಲೆಜ್‌ಮೆಂಟ್ ಚೀಟಿ ಅಂಟಿಸಿ ಕಳಿಸುತ್ತಿದ್ದರಲ್ಲ, ಮುಟ್ಟಿತು ಅಂತ ಸಹಿ ವಾಪಸು ಬರುವವರೆಗೆ ಸಮಾಧಾನವಿಲ್ಲ, ಅದು ಟಿಸಿಪಿ. ಡಬ್ಬಕ್ಕೆ ಕಾರ್ಡು ಹಾಕಿ ಕೈ ತೊಳೆದುಕೊಳ್ಳುವುದು ಯುಡಿಪಿ. ಮೀಟರಿಗೆ ಸಾಮಾನ್ಯವಾಗಿ ಯುಡಿಪಿಯೇ ಸಾಕು. ಒಂದು ಕಾರ್ಡು ಕಳೆದುಹೋದರೆ ಹೋಗಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಬರುತ್ತದೆ. ಹಳೇ ಎತ್ತರವನ್ನು ಮತ್ತೆ ಹುಡುಕಿ ತಂದು ಏನು ಮಾಡೋದು?

ನಿಜವಾದ ಪ್ರಯಾಣಿಕ ವಿಮಾನದಲ್ಲೂ ನಡೆಯುವುದು ಹೆಚ್ಚುಕಮ್ಮಿ ಇದೇ. ಗಾಳಿಯ ಒತ್ತಡ ಅಳೆದು ಎತ್ತರ, ವೇಗದ ಲೆಕ್ಕ ಮಾಡುವ ಕಂಪ್ಯೂಟರ್ ಬೇರೆ. ಪೈಲಟನ ಮುಂದೆ ಅದನ್ನು ತೋರಿಸುವ ಪರದೆ ಬೇರೆ. ನಡುವೆ ತಂತಿ. ಅರಿಂಕ್ 429 ಎಂಬ ಆ ತಂತಿಯ ಪದ್ಧತಿಯಲ್ಲಿ ಮಾಹಿತಿ ಹೋಗುವುದು ಒಂದೇ ದಿಕ್ಕಿಗೆ. ಕಳಿಸುವವನು ಕಳಿಸುತ್ತಲೇ ಇರುತ್ತಾನೆ, ಮುಟ್ಟಿತಾ ಅಂತ ಕೇಳುವುದಿಲ್ಲ!

ಯಾವ ಯಾವ ದಾರಿ ಉಂಟು

ಸಿಮ್ಯುಲೇಟರುಗಳಲ್ಲಿ ಮೂರು ಹೆಸರು ಮುಖ್ಯ. ಎಕ್ಸ್-ಪ್ಲೇನಿನಲ್ಲಿ ಯಾವ ಸಾಲು ಬೇಕೋ ಅದಕ್ಕೆ ಗುರುತು ಹಾಕಿ, ಎರಡನೇ ಕಂಪ್ಯೂಟರಿನ ವಿಳಾಸ ಬರೆದರೆ ಅಂಕಿಗಳು ಹೊರಡುತ್ತವೆ. ಅದರ ಸ್ವಂತ ಬಾಗಿಲ ನಂಬರ್, ಅಂದರೆ ಪೋರ್ಟು, 49000. ಗುರು ಕೂರುವ ಮೇಜನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯುವ ಅವಕಾಶವೂ ಅದರಲ್ಲಿದೆ. ಲಿಂಕ್ ಮಹಾಶಯನ ಏಡಿಯ ಮೊಮ್ಮಗ ಅನ್ನಿ!

ಎರಡನೆಯದು ಫ್ಲೈಟ್‌ಗೇರ್. ಕಾಸಿಲ್ಲದೆ ಸಿಗುತ್ತದೆ. 1990ರ ದಶಕದ ಕೊನೆಯಿಂದ ಹಲವು ದೇಶದವರು ಕೂಡಿ ಬರೆದದ್ದು, ಒಳಗಿನ ಲೆಕ್ಕಾಚಾರವೆಲ್ಲ ಬಹಿರಂಗ. ಎರಡು ಕಂಪ್ಯೂಟರಿಗೂ ಅದನ್ನೇ ಹಾಕಿ ಒಂದಕ್ಕೆ ಹಾರು, ಇನ್ನೊಂದಕ್ಕೆ ಕೇಳಿಸಿಕೋ ಅಂತ ಹೇಳಬಹುದು. ಯಾವ ವಿಳಾಸ, ಯಾವ ಪೋರ್ಟು, ಸೆಕೆಂಡಿಗೆ ಎಷ್ಟು ಸಲ ಅನ್ನುವುದನ್ನು ಶುರು ಮಾಡುವಾಗಲೇ ಒಂದು ಸಾಲಿನಲ್ಲಿ ಬರೆದರಾಯಿತು. ಎರಡೂ ಕಡೆ ಒಂದೇ ಆವೃತ್ತಿ ಇರಬೇಕು ಅನ್ನುವುದು ನೆನಪಿರಲಿ. ಇಲ್ಲದಿದ್ದರೆ ಇವನು ಹೇಳಿದ್ದು ಅವನಿಗೆ ತಿಳಿಯೋದಿಲ್ಲ.

ಮೂರನೆಯದು ಮೈಕ್ರೋಸಾಫ್ಟಿನದು. ಅದರಲ್ಲಿ ಹೊರಗಿನವರು ಅಂಕಿ ಕೇಳಿ ಪಡೆಯಲು ಸಿಮ್‌ಕನೆಕ್ಟ್ ಎಂಬ ಕಿಟಕಿಯನ್ನು 2006ರಲ್ಲಿ ತೆರೆದರು. ಅದಕ್ಕೂ ಮೊದಲಿನಿಂದ ವೈಡ್‌ಎಫ್‌ಎಸ್ ಎಂಬ ಸಾಧನ ಹವ್ಯಾಸಿಗಳ ಕೈಯಲ್ಲಿತ್ತು. ಮುಖ್ಯ ಕಂಪ್ಯೂಟರಿನ ಸುದ್ದಿಯನ್ನು ಮನೆಯ ಉಳಿದ ಕಂಪ್ಯೂಟರುಗಳಿಗೆ ಹಂಚುವುದೇ ಅದರ ಕಸುಬು.

ಮುಳ್ಳು ಬಿಡಿಸಲು ಸಿದ್ಧ ತಂತ್ರಾಂಶಗಳೂ ಇವೆ. ಹಾಲೆಂಡಿನ ಏರ್ ಮ್ಯಾನೇಜರ್ ಹೆಸರಾಂತದ್ದು. ಅದು ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ, ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಬೋರ್ಡಿನಲ್ಲೂ ಓಡುತ್ತದೆ. ಕೆಲವರು ಮಾನಿಟರಿನ ಮುಂದೆ ರಟ್ಟು ಅಥವಾ ಪ್ಲೈವುಡ್ ಹಲಗೆಗೆ ದುಂಡಗೆ ತೂತು ಕೊರೆದು ನಿಲ್ಲಿಸುತ್ತಾರೆ. ದೂರದಿಂದ ನೋಡಿದರೆ ನಿಜವಾದ ಮೀಟರೇ!

ಇನ್ನು ಪೆಟ್ಟಿಗೆಯ ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕಿದ್ದ ಮಾಮೂಲಿ ಬೆಂಬಲ ನಿಂತಿತು. ಮುಂದಿನ ಆವೃತ್ತಿ ಹಿಡಿಸದ ಎಷ್ಟೋ ಬಿಲ್ಲಿಂಗ್ ಕಂಪ್ಯೂಟರುಗಳು ಮೂಲೆ ಸೇರಿವೆ. ಅಂಥದ್ದಕ್ಕೆ ಉಚಿತವಾದ ಲಿನಕ್ಸ್ ಹಾಕಿ ಮುಳ್ಳಿನ ಕೆಲಸಕ್ಕೆ ಬಿಡಬಹುದು. ಬಿಡಿ ಸಾಮಾನು ಬೇಕೆಂದರೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ. ಆದರೆ ಅಂಗಡಿಯ ಹಳೇ ಲೆಕ್ಕ ಒಳಗೇ ಬಿಟ್ಟು ಹುಡುಗರ ಕೈಗೆ ಕೊಡಬೇಡಿ. ಮೊದಲು ಅದನ್ನು ತೆಗೆದಿಟ್ಟುಕೊಂಡು ಅಳಿಸಿ ಕೊಡಿ.

ಕೈಕೊಡುವ ಜಾಗಗಳು

ಎಲ್ಲ ಜೋಡಿಸಿದ ಮೇಲೂ ಮುಳ್ಳು ಅಲ್ಲಾಡಲಿಲ್ಲ ಅನ್ನುವ ಗೋಳು ಸಾಮಾನ್ಯ. ಕಾರಣ ಹುಡುಕಬೇಕಾದ್ದು ನಾಲ್ಕೇ ಕಡೆ.

ಒಂದು, ಬಾಗಿಲ ಕಾವಲುಗಾರ. ಫೈರ್‌ವಾಲ್ ಎಂಬ ಈತ ಗುರುತಿಲ್ಲದ ಕಾರ್ಡನ್ನು ಒಳಗೆ ಬಿಡುವುದಿಲ್ಲ. ಅವನನ್ನೇ ಕೆಲಸದಿಂದ ತೆಗೆಯುವುದು ಮೂರ್ಖತನ. ಇಂಥ ಪೋರ್ಟಿಗೆ ಬರುವುದನ್ನು ಮಾತ್ರ ಬಿಡು ಅಂತ ಹೇಳಿದರೆ ಸಾಕು.

ಎರಡು, ವಿಳಾಸ. ಮನೆಯ ರೌಟರ್ ಕೊಡುವ ವಿಳಾಸ ಲಾಡ್ಜಿನ ರೂಮಿದ್ದಂತೆ. ಇವತ್ತು 20ನೇ ನಂಬರ್, ನಾಳೆ ಬಂದರೆ 23 ಕೊಟ್ಟರೂ ಕೊಟ್ಟರು. ಕಾರ್ಡು ಮಾತ್ರ ಹಳೇ ರೂಮಿಗೇ ಹೋಗುತ್ತಿರುತ್ತದೆ. ಎರಡೂ ಪೆಟ್ಟಿಗೆಗೆ ಕಾಯಂ ವಿಳಾಸ ಕೊಡಬೇಕು.

ಮೂರು, ವೈಫೈ. ಗೋಡೆ ಅಡ್ಡ ಬಂದರೆ, ಮನೆಮಂದಿಯೆಲ್ಲ ಮೊಬೈಲ್ ಹಿಡಿದರೆ ಅಂಕಿಗಳು ತಡವರಿಸುತ್ತವೆ. ಕೇಬಲ್ ಹಾಕಿದರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಹಿಡಿಯೋದಿಲ್ಲ.

ನಾಲ್ಕನೆಯದು ನಮ್ಮ ಊರುಗಳಿಗೇ ಹೇಳಿ ಮಾಡಿಸಿದ್ದು. ಕರೆಂಟು! ಮುಖ್ಯ ಕಂಪ್ಯೂಟರಿಗೆ ಯುಪಿಎಸ್ ಇರುತ್ತದೆ, ಎರಡನೆಯದಕ್ಕೂ ಇರುತ್ತದೆ, ನಡುವಿನ ರೌಟರಿಗೆ ಇರುವುದಿಲ್ಲ. ಕರೆಂಟು ಹೋದರೆ ವಿಮಾನ ಹಾರುತ್ತಲೇ ಇರುತ್ತದೆ, ಮೀಟರ್ ಉರಿಯುತ್ತಲೇ ಇರುತ್ತದೆ, ಕಾರ್ಡು ತರುವ ಅಂಚೆಯವನು ಮಾತ್ರ ಸತ್ತಿರುತ್ತಾನೆ.

ನಿಂತ ಮುಳ್ಳಿನ ಸುಳ್ಳು

ಇಲ್ಲಿಂದ ಮುಂದೆ ಹುಡುಗಾಟವಲ್ಲ. ಕಾರ್ಡು ಬರುವುದು ನಿಂತಾಗ ಮುಳ್ಳು ಏನು ಮಾಡುತ್ತದೆ? ಸೊನ್ನೆಗೆ ಬೀಳುತ್ತದೆ ಅಂದುಕೊಂಡರೆ ತಪ್ಪು. ಎಚ್ಚರಿಕೆಯಿಲ್ಲದೆ ಬರೆದ ಮೀಟರಿನಲ್ಲಿ ಅದು ಕೊನೆಯ ಕಾರ್ಡಿನಲ್ಲಿ ಇದ್ದಲ್ಲೇ ನಿಂತುಬಿಡುತ್ತದೆ. ಎತ್ತರ ಮೂರು ಸಾವಿರ ಅಡಿ ಅಂತ ತೋರಿಸುತ್ತಾ ಗಂಭೀರವಾಗಿ ಕೂತಿರುತ್ತದೆ. ವಿಮಾನ ಅಷ್ಟು ಹೊತ್ತಿಗೆ ಸಾವಿರಕ್ಕೆ ಇಳಿದಿರುತ್ತದೆ!

ಹಳೇ ಬಸ್ಸಿನಲ್ಲಿ ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲಿ ಮಲಗಿದ್ದರೆ ಡ್ರೈವರಿಗೂ ಗೊತ್ತು, ಪ್ರಯಾಣಿಕರಿಗೂ ಗೊತ್ತು, ಅದು ಕೆಟ್ಟಿದೆ ಅಂತ. ಅದರಿಂದ ಯಾರಿಗೂ ಮೋಸವಿಲ್ಲ. ಆದರೆ ಅದೇ ಮುಳ್ಳು ನಲವತ್ತರಲ್ಲಿ ಸಿಕ್ಕಿಕೊಂಡರೆ? ಗಲ್ಲಾದ ಪಕ್ಕದ ತೂಕದ ಯಂತ್ರ ಸತ್ತರೆ ಚಿಂತೆಯಿಲ್ಲ, ಒಂದು ಕೆ.ಜಿ.ಯಲ್ಲಿ ಸಿಕ್ಕಿಕೊಂಡರೆ ಸಾಹುಕಾರರು ಮುಳುಗಿದಂತೆ. ಕೆಟ್ಟಿದ್ದೇನೆ ಅಂತ ಹೇಳದ ಮೀಟರಿಗಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇದು ಬರೀ ಮಾತಲ್ಲ. 1978ರ ಜನವರಿ 1. ಹೊಸ ವರ್ಷದ ಮೊದಲ ರಾತ್ರಿ. ಅಂದಿನ ಬೊಂಬಾಯಿಯಿಂದ ದುಬೈಗೆ ಏರ್ ಇಂಡಿಯಾದ ಬೋಯಿಂಗ್ 747 ವಿಮಾನ ಹೊರಟಿತು. ಅದರ ಹೆಸರು ಎಂಪರರ್ ಅಶೋಕ. ಒಳಗೆ 190 ಪ್ರಯಾಣಿಕರು, 23 ಮಂದಿ ಸಿಬ್ಬಂದಿ. ಏರಿದ ಸ್ವಲ್ಪ ಹೊತ್ತಿಗೆ ವಿಮಾನ ಬಲಕ್ಕೆ ತಿರುಗಿ ಮತ್ತೆ ಸಮಕ್ಕೆ ಬಂತು. ಆದರೆ ಕ್ಯಾಪ್ಟನ್ ಮುಂದಿದ್ದ, ರೆಕ್ಕೆಯ ಬಾಗು ತೋರಿಸುವ ಮೀಟರ್ ಸಮಕ್ಕೆ ಬರಲಿಲ್ಲ. ಇನ್ನೂ ಬಲಕ್ಕೇ ಬಾಗಿದೆ ಅಂತ ತೋರಿಸುತ್ತಿತ್ತು. ಕೆಳಗೆ ಕಪ್ಪು ಸಮುದ್ರ, ಮೇಲೆ ಕಪ್ಪು ಆಕಾಶ. ಹೊರಗೆ ನೋಡಿ ತಿಳಿಯಲು ಗೆರೆಯೊಂದೂ ಇಲ್ಲ. ಕ್ಯಾಪ್ಟನ್ ಮೀಟರನ್ನು ನಂಬಿದರು. ಸರಿಮಾಡಲು ಎಡಕ್ಕೆ ತಿರುಗಿಸಿದರು. ಸರಿಯಿದ್ದ ವಿಮಾನ ಎಡಕ್ಕೆ ಮಗುಚುತ್ತಾ ಹೋಯಿತು. ಇನ್ನೊಂದು ಮೀಟರ್ ಬೇರೆ ಹೇಳುತ್ತಿದೆ ಅಂತ ಫ್ಲೈಟ್ ಎಂಜಿನಿಯರ್ ಗಮನ ಸೆಳೆಯಲು ನೋಡಿದ್ದು ಕಾಕ್‌ಪಿಟ್ ರೆಕಾರ್ಡಿನಲ್ಲಿದೆ. ಆದರೆ ಹೊತ್ತು ಮೀರಿತ್ತು. ನೆಲ ಬಿಟ್ಟು ಎರಡು ನಿಮಿಷ ತುಂಬುವ ಮೊದಲೇ ಬಾಂದ್ರಾ ತೀರದಾಚೆ ವಿಮಾನ ಸಮುದ್ರಕ್ಕೆ ಬಿತ್ತು. 213 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಒಂದು ಮೀಟರ್ ಸುಳ್ಳು ಹೇಳಿತು, ಉಳಿದವುಗಳನ್ನು ನೋಡಿ ಹೋಲಿಸುವಷ್ಟು ಹೊತ್ತು ಸಿಗಲಿಲ್ಲ. ತನಿಖೆಯ ಸಾರ ಇಷ್ಟೇ.

ಒಬ್ಬರ ಮಾತು ಕೇಳಿ ತೀರ್ಪು ಕೊಡಬೇಡಿ

ಪೈಲಟನ ಮುಂದಿನ ಮೂಲ ಮೀಟರುಗಳು ಆರು. ವೇಗ ತೋರಿಸುವುದು, ಬಾಗು ತೋರಿಸುವ ಕೃತಕ ದಿಗಂತ, ಎತ್ತರ ತೋರಿಸುವ ಆಲ್ಟಿಮೀಟರ್, ತಿರುವು ತೋರಿಸುವುದು, ದಿಕ್ಕು ತೋರಿಸುವುದು, ಏರುವ ಇಳಿಯುವ ವೇಗ ತೋರಿಸುವುದು. ಇವು ಒಂದೇ ಮನೆಯ ಆರು ಸಾಕ್ಷಿಗಳು. ದಿಗಂತದ ಮೀಟರ್ ಬಲಕ್ಕೆ ಬಾಗಿದೆ ಅಂದರೆ ದಿಕ್ಕಿನ ಮೀಟರೂ ತಿರುಗುತ್ತಾ ಇರಬೇಕು, ತಿರುವಿನ ಮೀಟರೂ ಹೌದು ಅನ್ನಬೇಕು. ಇಬ್ಬರೂ ಇಲ್ಲ ಅಂದರೆ ಮೊದಲನೆಯವನು ಸುಳ್ಳುಗಾರ! ಮೂತಿ ಮೇಲಿದೆ ಅಂದರೆ ಎತ್ತರ ಏರಬೇಕು, ಇಲ್ಲವೇ ವೇಗ ಇಳಿಯಬೇಕು. ಹಳ್ಳಿಯ ಪಂಚಾಯ್ತಿಯಲ್ಲಿ ಒಬ್ಬನ ಮಾತು ಕೇಳಿ ತೀರ್ಪು ಕೊಡುವುದಿಲ್ಲವಲ್ಲ, ಹಾಗೆ.

ಇದನ್ನು ಕಲಿಯಲು ಎರಡನೇ ಕಂಪ್ಯೂಟರಿನಷ್ಟು ಅನುಕೂಲ ಬೇರೆ ಇಲ್ಲ. ಮೀಟರುಗಳು ಬೇರೆ ಪರದೆಯಲ್ಲಿ, ನಿಜವಾದ ಗಾತ್ರದಲ್ಲಿ, ನಿಂತ ಜಾಗದಲ್ಲೇ ಇರುತ್ತವೆ. ಕಣ್ಣು ಸರದಿಯ ಪ್ರಕಾರ ಒಂದೊಂದರ ಮೇಲೆ ಹಾಯಲು ಕಲಿಯುತ್ತದೆ. ಗೆಳೆಯನೊಬ್ಬ ಬಂದು ದಿಗಂತದ ಮೀಟರಿನ ಮೇಲೆ ಒಂದು ಕಾಗದದ ಚೂರು ಅಂಟಿಸಲಿ. ಉಳಿದ ಐದರಲ್ಲೇ ಹಾರಿಸಿ, ಇಳಿಸಿ ತೋರಿಸಬೇಕು. ನಿಜವಾದ ವಿಮಾನದಲ್ಲೂ ಗುರುಗಳು ಹೀಗೇ ಮೀಟರ್ ಮುಚ್ಚಿ ಕಲಿಸುವುದುಂಟು. ಇದಕ್ಕೆ ತಗಲುವ ಖರ್ಚು ಒಂದು ಚೂರು ಕಾಗದ!

ಸುಳ್ಳು ಮುಳ್ಳಿಗೂ ಮದ್ದಿದೆ. ಈಗಿನ ಕಾಲದ ನಿಜವಾದ ವಿಮಾನಗಳ ಪರದೆಯಲ್ಲಿ ಮಾಹಿತಿ ಬರುವುದು ನಿಂತರೆ ಆ ಜಾಗದ ಮೇಲೆ ಕೆಂಪು ಗೆರೆಯ ದೊಡ್ಡ ಇಂಟು ಗುರುತು ಬೀಳುತ್ತದೆ. ನನ್ನನ್ನು ನಂಬಬೇಡ ಅಂತ ಮೀಟರೇ ಕೂಗಿ ಹೇಳಿದ ಹಾಗೆ. ಮನೆಯ ಮೀಟರಿನಲ್ಲೂ ಒಂದು ಸೆಕೆಂಡ್ ಕಾರ್ಡು ಬಾರದಿದ್ದರೆ ಅದೇ ಗುರುತು ಬೀಳುವಂತೆ ಮಾಡಿಕೊಳ್ಳುವುದು ಕಷ್ಟವಲ್ಲ. ಸ್ವಂತ ಮೀಟರ್ ಬರೆಯುವ ಹುಡುಗರು ಮುಳ್ಳಿನ ಅಂದಚಂದಕ್ಕಿಂತ ಮೊದಲು ಇದನ್ನು ಬರೆಯಬೇಕು. ತಂದ ತಂತ್ರಾಂಶವಾದರೆ ಪರೀಕ್ಷೆ ಸುಲಭ. ವಿಮಾನ ಹಾರುತ್ತಿರುವಾಗಲೇ ಕೇಬಲ್ ಕಿತ್ತು ನೋಡಿ. ಮುಳ್ಳು ಸುಮ್ಮನೆ ನಿಂತರೆ ಆ ಮೀಟರನ್ನು ನಂಬಿ ಕಲಿಯಬೇಡಿ.

ಲೈಸೆನ್ಸಿಗೆ ಲೆಕ್ಕವಿಲ್ಲ!

ಕೊನೆಗೆ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಡಿಜಿಸಿಎ ಕೇಳುವುದು 200 ಗಂಟೆ ಹಾರಾಟ. ಮನೆಯ ಪೆಟ್ಟಿಗೆಯ ಮುಂದೆ ಸಾವಿರ ಗಂಟೆ ಕೂತರೂ ಅದರಲ್ಲಿ ಒಂದು ಗಂಟೆಯೂ ಜಮೆಯಾಗುವುದಿಲ್ಲ. ಲೆಕ್ಕಕ್ಕೆ ಬರುವ ಸಿಮ್ಯುಲೇಟರುಗಳೇ ಬೇರೆ, ಸರ್ಕಾರದ ಮಂಜೂರಾತಿ ಪಡೆದವು. ಬೆಂಗಳೂರಿನಲ್ಲೇ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಕೂಡಿ 2010ರಲ್ಲಿ ಹ್ಯಾಟ್ಸಾಫ್ ಎಂಬ ಹೆಲಿಕಾಪ್ಟರ್ ಸಿಮ್ಯುಲೇಟರ್ ಕೇಂದ್ರ ತೆರೆದವು. ನಮ್ಮ ಧ್ರುವ್ ಹೆಲಿಕಾಪ್ಟರಿನ ಕಾಕ್‌ಪಿಟ್ ಅಲ್ಲಿದೆ. ಅಂಥ ಯಂತ್ರಗಳ ಬೆಲೆ ಕೋಟಿಗಳಲ್ಲಿ. ಮನೆಯ ಪೆಟ್ಟಿಗೆ ತೋರಿಸಿ ಇದರಲ್ಲೇ ಲೈಸೆನ್ಸ್ ಕೊಡಿಸ್ತೀವಿ ಅಂತ ಯಾರಾದರೂ ಫೀಸು ಕೇಳಿದರೆ ದುಡ್ಡು ಬಿಚ್ಚಬೇಡಿ, ಬಾಗಿಲು ತೋರಿಸಿ.

ಇನ್ನೊಂದು ದೂರು ಹಾರಾಟ ಕಲಿಸುವ ಗುರುಗಳದ್ದು. ಮನೆಯಲ್ಲಿ ಬರೀ ಪರದೆ ನೋಡಿ ಕಲಿತ ಹುಡುಗರು ನಿಜವಾದ ವಿಮಾನದಲ್ಲಿ ಹಗಲು ಹೊತ್ತಿನಲ್ಲೂ ಮೀಟರಿಗೆ ಕಣ್ಣು ನೆಟ್ಟು, ಕಿಟಕಿಯಾಚೆ ನೋಡೋದೇ ಇಲ್ಲ ಅಂತಾರೆ. ಎದುರಿಗೆ ಇನ್ನೊಂದು ವಿಮಾನ ಬಂದರೆ ಯಾವ ಮುಳ್ಳು ಹೇಳುತ್ತದೆ? ಅದಕ್ಕೇ ಮೋಡದೊಳಗೆ ಮೀಟರು, ಬಯಲಿನಲ್ಲಿ ಕಿಟಕಿ, ಎರಡೂ ರೂಢಿಯಾಗಬೇಕು.

ಇಷ್ಟೆಲ್ಲ ತಿಳಿದ ಮೇಲೂ ಮನೆಯ ಹುಡುಗನೋ ಹುಡುಗಿಯೋ ಅಟ್ಟದ ಹಳೇ ಪೆಟ್ಟಿಗೆ ಕೇಳಿದರೆ ಇಲ್ಲ ಅನ್ನಬೇಡಿ. ಗುಜರಿಯವನು ಕೊಡುವ ಕಾಸಿಗಿಂತ ಇದರಲ್ಲಿ ಲಾಭ ಜಾಸ್ತಿ. ಪೈಲಟ್ ಆಗದೇ ಹೋದರೂ ನೆಟ್‌ವರ್ಕ್ ಜೋಡಿಸುವುದು, ಕೆಟ್ಟದ್ದನ್ನು ಹುಡುಕುವುದು, ಒಂದು ಅಂಕಿಯನ್ನು ಇನ್ನೊಂದರ ಜೊತೆ ಇಟ್ಟು ಪರೀಕ್ಷಿಸುವುದು ಕೈಗೆ ಬರುತ್ತದೆ. ಅದು ಅಂಗಡಿಯ ಲೆಕ್ಕಕ್ಕೂ ಆಗುತ್ತದೆ, ಬಸ್ ಡಿಪೋದ ಕೆಲಸಕ್ಕೂ ಆಗುತ್ತದೆ. ಒಂದೇ ಒಂದು ಕರಾರು ಹಾಕಿ ಕೊಡಿ. ರೌಟರಿಗೂ ಯುಪಿಎಸ್ ವೈರು ಎಳೆದ ಮೇಲೇ ಟೇಕಾಫ್!